ತೋಟ ಕೊಡಬೇಕಾದ ವೀಸಾ

ಅಡಿಕೆ ತೋಟ ಇರುವವನಿಗೆ ಬ್ರಿಟನ್‌ಗೆ ಹೋಗಲು ಎರಡು ವೀಸಾ ಬೇಕು. ಒಂದನ್ನು ಅಲ್ಲಿಯ ಸರಕಾರ ಕೊಡುತ್ತದೆ. ಇನ್ನೊಂದನ್ನು ತೋಟ ಕೊಡಬೇಕು. ಮೊದಲನೆಯದೇ ಸುಲಭ.

ಗ್ಲಾಸ್ಗೋದಲ್ಲಿರುವ ಮಗಳು "ಇಬ್ಬರೂ ಬನ್ನಿ ಅಪ್ಪಾ, ಸ್ಕೈ ದ್ವೀಪ ತೋರಿಸ್ತೇನೆ" ಎಂದದ್ದೇ ತಡ, ಬದಿಯಡ್ಕದ ಒಳಗಿರುವ ನಮ್ಮ ಮನೆಯ ಜಗಲಿ ಪ್ರವಾಸದ ಆಫೀಸಾಯಿತು. ಹೋಗಲು ಒಳ್ಳೆಯ ಕಾಲ ಮೇಯಿಂದ ಸೆಪ್ಟೆಂಬರ್ ಅಂತೆ. ಮೇ ಕೊನೆಗೆ ಇಲ್ಲಿ ಮೈಲುತುತ್ತು, ಸುಣ್ಣ ಕಲಸಿ ಕೊಳೆರೋಗಕ್ಕೆ ಮೊದಲ ಮದ್ದು ಬಿಡಬೇಕು. ಅದಾಗಿ ನಲ್ವತ್ತು ನಲ್ವತ್ತೈದು ದಿನಕ್ಕೆ ಎರಡನೆಯದು. ಅದಕ್ಕೆ ಮಳೆ ಬಿಡಬೇಕು, ಮರ ಹತ್ತುವವ ಫೋನ್ ಎತ್ತಬೇಕು, ಎರಡೂ ಒಂದೇ ದಿನ ಆಗಬೇಕು. ಆಮೇಲೆ ಕೊಯ್ಲು, ಅಂಗಳ ತುಂಬ ಅಡಿಕೆ. ಡಿಸೆಂಬರಿನಲ್ಲಿ ನುಸುಳೋಣವೆಂದರೆ ಅಲ್ಲಿ ಸಂಜೆ ನಾಲ್ಕಕ್ಕೆ ಮೊದಲೇ ಸೂರ್ಯ ಮುಳುಗುತ್ತಾನೆ. ಜೂನಿನಲ್ಲಿಯೋ, ರಾತ್ರಿ ಹತ್ತು ದಾಟಿದರೂ ಮುಳುಗುವುದಿಲ್ಲ.

"ಹಾಗಾದ್ರೆ ಮುಸ್ಸಂಜೆ ದೀಪ ಇಡುವುದು ಯಾವಾಗ?" ಎಂದಳು ಹೆಂಡತಿ. "ಊಟ ಮಾಡಿ, ಒಂದು ನಿದ್ದೆ ತೆಗೆದು, ಎದ್ದು ಇಡುವುದಾ?"

ನೆರೆಮನೆಯ ಭಾವನದ್ದು ಬೇರೆಯೇ ಪ್ರಶ್ನೆ. "ಅಲ್ಲಿ ನೋಡ್ಲಿಕ್ಕೆ ಎಂತ ಉಂಟು?"

ನಾನು ಓದಿಕೊಂಡದ್ದನ್ನೆಲ್ಲ ಹೇಳಿದೆ. ಹಸಿರು ಗುಡ್ಡ, ಅದರ ಮೇಲೆ ಮಂಜು, ಮಂಜಿನ ಮೇಲೆ ಮಳೆ. ಸ್ಟಾರ್ ಎಂಬಲ್ಲಿ ಐವತ್ತು ಮೀಟರಿನಷ್ಟು ನೆಟ್ಟಗೆ ನಿಂತ ಕಲ್ಲು. ಊರೊಳಗಿನ ಎಷ್ಟೋ ರಸ್ತೆಗಳಲ್ಲಿ ಒಂದೇ ಗಾಡಿ ಹಿಡಿಸುವುದು. ಎದುರು ಇನ್ನೊಂದು ಬಂದರೆ ಪಕ್ಕಕ್ಕೆ ಸರಿಯಲು ಅಲ್ಲಲ್ಲಿ ಜಾಗ. ಬೇಸಿಗೆಯ ಸಂಜೆ ಗಾಳಿ ನಿಂತರೆ ಮಿಡ್ಜ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಮುತ್ತಿಕೊಂಡು ಕಚ್ಚುತ್ತದೆ.

"ಇದು ನಮ್ಮ ಪೆರ್ಲವೇ ಅಲ್ವಾ ಭಾವ?" ಎಂದ. "ಮಂಜು ಬೇಕಾದ್ರೆ ಜುಲೈಯಲ್ಲಿ ಪೊಸಡಿಗುಂಪೆ ಹತ್ತಿ. ಹತ್ತಿರ ಚಾ ಕುಡಿದು ಮಧ್ಯಾಹ್ನ ಊಟಕ್ಕೆ ಮನೆಗೆ ಬರ್ಬಹುದು."

ಗ್ಲಾಸ್ಗೋದಿಂದ ಅಲ್ಲಿಗೆ ಬಸ್ಸಿನಲ್ಲಿ ಆರೇಳು ತಾಸು, ದೋಣಿಯೇ ಹತ್ತಬೇಕೆಂದಿಲ್ಲ, 1995ರಲ್ಲಿ ಸೇತುವೆ ಆಗಿದೆ ಎಂದಾಗ ಅವನಿಗೆ ದ್ವೀಪದ ಮೇಲಿದ್ದ ಚೂರು ಮರ್ಯಾದೆಯೂ ಹೋಯಿತು. ಆದರೆ ಆ ಸೇತುವೆಗೆ ಟೋಲ್ ಹಾಕಿದ್ದರು, ಜನ ಕೊಡುವುದಿಲ್ಲವೆಂದು ಕೂತರು, ಕೇಸು ಬಿದ್ದರೂ ಬಿಡಲಿಲ್ಲ, 2004ರಲ್ಲಿ ಅದು ರದ್ದಾಯಿತು ಎಂದು ಹೇಳಿದೆ. ಮಂಗಳೂರಿನ ಡಾಕ್ಟರಲ್ಲಿಗೆ ಹೋಗುವಾಗಲೆಲ್ಲ ತಲಪಾಡಿಯಲ್ಲಿ ಟೋಲ್ ಕಟ್ಟುವ ಭಾವ ನೆಟ್ಟಗೆ ಕೂತ. "ಜನ ಒಳ್ಳೆಯವರ ಹಾಗೆ ಕಾಣ್ತದೆ."

ಈ ನಡುವೆ ಮಗಳು ಅರ್ಜಿ ತುಂಬಿಸಲು ನನ್ನ ಆದಾಯ ಕೇಳಿದಳು. ಯಾವ ರೇಟಿಗೆ ಹೇಳುವುದು? ಹೊಸ ಚಾಲಿ ಅಡಿಕೆಗೋ, ಹಳೆ ಚಾಲಿಗೋ? ಈ ವಾರ ಮಾರಿದರೆ ನಾನು ಅನುಕೂಲಸ್ಥ. ಮುಂದಿನ ವಾರ ದರ ಇಳಿದರೆ ಅದೇ ಅಂಗಳ, ಅದೇ ಅಡಿಕೆ, ವೀಸಾಕ್ಕೆ ಮಾತ್ರ ಅಯೋಗ್ಯ. ಅತ್ತ ಅಡುಗೆಮನೆಯಲ್ಲಿ ಹಲಸಿನ ಹಪ್ಪಳ ಆಗಲೇ ಕಟ್ಟು ಬಿದ್ದಿತ್ತು. ಹಾಲಿನ ಪದಾರ್ಥವನ್ನು ಅಲ್ಲಿ ಬಿಡುವುದಿಲ್ಲ, ಆದ್ದರಿಂದ ತುಪ್ಪ ತರಬೇಡಿ ಎಂದು ಮಗಳು ಹೇಳಿದಾಗ ಹೆಂಡತಿ ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಪ್ರವಾಸ ಬಹುತೇಕ ಅಲ್ಲಿಗೇ ನಿಂತಿತ್ತು.

ಉಳಿಸಿದ್ದು ಮಗಳು ಕಳಿಸಿದ ಒಂದು ಫೋಟೊ. ಸ್ಕೈಯ ರಸ್ತೆಬದಿಯ ಫಲಕ: ಮೇಲೆ ಹಸಿರು ಅಕ್ಷರದಲ್ಲಿ ಗೇಲಿಕ್, ಕೆಳಗೆ ಇಂಗ್ಲಿಷ್. ಭಾವ ಕನ್ನಡಕ ಹಾಕಿ, ತೆಗೆದು, ಒರಸಿ, ಮತ್ತೆ ಹಾಕಿದ.

"ಆ ಭಾಷೆಯವರು ಎಷ್ಟು ಜನ?"

"2011ರ ಲೆಕ್ಕದಲ್ಲಿ ಇಡೀ ಸ್ಕಾಟ್ಲೆಂಡಿಗೆ ಸುಮಾರು 57 ಸಾವಿರ."

"ಅಷ್ಟೇಯಾ? ಅವರ ಭಾಷೆ ಮೇಲೆಯಾ?"

1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಲ್ಲಿಂದ ಬಸ್ಸಿನ ಮಲಯಾಳ ಬೋರ್ಡು ಬಿಟ್ಟು ಕಂಡಕ್ಟರನ ಬಾಯಿ ನೋಡಿಯೇ ಬಸ್ಸು ಹತ್ತಿದ ಕುಲ ನಮ್ಮದು. ಭಾವ ಫೋನನ್ನು ಹಿಂದೆ ಕೊಡಲು ಸ್ವಲ್ಪ ಹೊತ್ತು ಮಾಡಿದ.

"ಹೋಗಿ ಬನ್ನಿ ಭಾವ. ಎರಡನೇ ಮದ್ದು ನಾನು ನೋಡಿಕೊಳ್ತೇನೆ. ಆ ಕಲ್ಲಿನ ಫೋಟೊ ಎಲ್ಲ ನನಗೆ ಬೇಡ. ಬೋರ್ಡಿನದ್ದು ತೆಗೀರಿ, ಅಕ್ಷರ ಸರಿ ಕಾಣಬೇಕು. ಹತ್ತಿಪ್ಪತ್ತು ಪ್ರತಿ ಬೇಕಾದೀತು, ಅರ್ಜಿಗಳಿಗೆ ಲಗತ್ತಿಸ್ಲಿಕ್ಕೆ."