ಕೊಳೆಯುವ ಲೆಕ್ಕದವರು

ವಿಜಯನಗರ ಜಿಲ್ಲೆಯ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳಲ್ಲಿ ಬಸ್ ನಿಲ್ದಾಣದ ಕಲ್ಲುಬೆಂಚು, ಮಿರ್ಚಿ-ಮಂಡಕ್ಕಿ ಅಂಗಡಿ ಹಾಗೂ ಜೂನ್ 5ರ ಪರಿಸರ ದಿನದ ಶಾಲಾ ವೇದಿಕೆ, ಈ ಮೂರೂ ಕಡೆ ತಪ್ಪದೆ ಸಿಗುವ ಒಂದು ವರ್ಗದವರನ್ನು ‘ಕೊಳೆಯುವ ಲೆಕ್ಕದವರು’ ಎಂದು ಕರೆಯಬಹುದು. ಬಹುಪಾಲು ನಿವೃತ್ತ ಮೇಷ್ಟರಾಗಿರುವ ಇವರು, ಕಣ್ಣಿಗೆ ಬಿದ್ದ ಕಸ ಯಾವುದೇ ಇರಲಿ, ಅದು ಮಣ್ಣಾಗಲು ಹಿಡಿಯುವ ಕಾಲವನ್ನು ಜಾತಕ ನೋಡಿದವರಂತೆ ನುಡಿದುಬಿಡುತ್ತಾರೆ: ಸುದ್ದಿಪತ್ರಿಕೆಗೆ 6 ವಾರ, ನೀರಿನ ಬಾಟಲಿಗೆ 450 ವರ್ಷ, ಗಾಜಿಗೆ 10 ಲಕ್ಷ ವರ್ಷ. ಪತ್ರಿಕೆ ಹೀರಿಕೊಂಡ ಮಿರ್ಚಿಯ ಎಣ್ಣೆಯನ್ನು ಲೆಕ್ಕಕ್ಕೆ ಸೇರಿಸಬೇಕೇ ಎಂಬಲ್ಲಿ ಮಾತ್ರ ಇವರಲ್ಲಿ ಎರಡು ಪಂಗಡಗಳಿವೆ.

ನೀರಿನ ಬಾಟಲಿಗೆ ಬಳಸುವ ‘ಪೆಟ್’ ಎಂಬ ಪ್ಲಾಸ್ಟಿಕ್ಕಿಗೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಕೋರಿದ್ದೇ 1941ರಲ್ಲಾದ್ದರಿಂದ ಆ ಕುಲದ ಹಿರಿಯನಿಗೂ ಇನ್ನೂ ನೂರು ತುಂಬಿಲ್ಲ. ಆದಕಾರಣ 450 ಎಂಬುದು ಅಂದಾಜೇ ಹೊರತು ಯಾರೂ ಕಾದು ಕಂಡದ್ದಲ್ಲ. ಕೊಳೆಯುವಿಕೆ, ಅಂದರೆ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ವಸ್ತುವನ್ನು ಒಡೆದು ಉಣ್ಣುವ ಕ್ರಿಯೆ, ತೇವ, ಗಾಳಿ, ಶಾಖಗಳನ್ನು ಅವಲಂಬಿಸಿರುವುದರಿಂದ ತಿಪ್ಪೆಗುಂಡಿಯಲ್ಲಿ ಬೇಗ ಕರಗುವ ಕಾಗದವು ಗಾಳಿಯಾಡದಂತೆ ಹೂತಾಗ ಹಾಗೆಯೇ ಉಳಿಯಬಹುದು. ಅರಿಜೋನಾ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞ ವಿಲಿಯಂ ರಾತ್ಯೆ 1973ರಲ್ಲಿ ಕಸದ ಅಧ್ಯಯನ ಆರಂಭಿಸಿ, ಮುಂದೆ ಅಮೆರಿಕದ ಕಸದ ಗುಡ್ಡೆಗಳನ್ನೇ ಅಗೆಸಿದಾಗ, ದಶಕಗಳ ಹಿಂದಿನ ಪತ್ರಿಕೆಗಳು ಓದಲು ಬರುವ ಸ್ಥಿತಿಯಲ್ಲೇ ದೊರೆತವು. ಇದನ್ನು ತಿಳಿಸಿದವರಿಗೆ ಲೆಕ್ಕದವರ ಉತ್ತರ ಸಿದ್ಧವಿರುತ್ತದೆ: “ಅಮೆರಿಕದ ಕಾಗದ ದಪ್ಪ ಇರತೈತಿ ಬಿಡ್ರಿ.”

ಇವರ ಪ್ರತಿಭೆ ಪೂರ್ಣವಾಗಿ ಅರಳುವುದು ಕೊಟ್ಟೂರು ತೇರಿನ ಕಾಲಕ್ಕೆ, ದಾವಣಗೆರೆ ಕಡೆಯ ಪಾದಯಾತ್ರಿಗಳು ಹರಪನಹಳ್ಳಿ ದಾಟಿ ಬರುವಾಗ. ರಾಜ್ಯದಲ್ಲಿ 2016ರಿಂದಲೂ ದೇಶದಾದ್ಯಂತ 2022ರ ಜುಲೈ 1ರಿಂದಲೂ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ನಿಷೇಧವಿರುವುದನ್ನು ಇವರು ದಾರಿಬದಿಯ ಅರವಟ್ಟಿಗೆಯ ಮುಂದೆ ನಿಂತು, ಕಾಲು ಬೊಬ್ಬೆ ಬಂದವರಿಗೆ ದಿನಾಂಕಸಹಿತ ವಿವರಿಸುತ್ತಾರೆ. ಬಳಿಕ ಪೇಪರ್ ಲೋಟದಲ್ಲಿ ಮಜ್ಜಿಗೆ ಕುಡಿದು, “ಕಾಗದದ್ದು, ಆರೇ ವಾರ” ಎನ್ನುತ್ತ ಲೋಟವನ್ನು ಜಾಲಿ ಗಿಡದ ಬುಡಕ್ಕೆ ಒಗೆಯುತ್ತಾರೆ. ಮಜ್ಜಿಗೆ ಸೋರದಂತೆ ಆ ಲೋಟದ ಒಳಮೈಗೆ ಪಾಲಿಥಿನ್ ಎಂಬ ಪ್ಲಾಸ್ಟಿಕ್ಕಿನ ತೆಳುಪದರ ಅಂಟಿಸಿರುವುದನ್ನು ಕಾಲೇಜು ಹುಡುಗನೊಬ್ಬ ಉಗುರಿನಿಂದ ಸುಲಿದು ತೋರಿಸಿದರೂ ಇವರು ಎದೆಗುಂದುವವರಲ್ಲ.

“ಹಂಗಾದ್ರ ಹೊರಗಿಂದು ಆರು ವಾರ, ಒಳಗಿಂದು 450 ವರ್ಷ. ಎರಡೂ ಕೂಡಿಸಿ ಅರ್ಧ ಮಾಡು ತಮ್ಮಾ. ಸರಾಸರಿ 225 ವರ್ಷ ಅಂತ ಬರ್ಕೊ.”