ದ್ವಿರೂಪಿ ಗಣಕಫಲಕ: ರಿಯಾಯಿತಿಯ ಪರಿಪ್ರೇಕ್ಷ್ಯದಲ್ಲಿ ಒಂದು ತಾತ್ವಿಕ ಅನುಸಂಧಾನ

ಅಧ್ಯಾಯ 1: ಪೀಠಿಕೆ

ಅರ್ಧ ಬೆಲೆಗೆ ಬಿದ್ದಿರುವ ಟೂ-ಇನ್-ಒನ್ ಟ್ಯಾಬ್ಲೆಟ್ಟೊಂದನ್ನು ಕೊಳ್ಳಬೇಕೋ ಬೇಡವೋ ಎಂಬ ಸಮಸ್ಯೆಯನ್ನು ಅದರ ಸಾಮಾಜಿಕ, ಸಾಂಸ್ಕೃತಿಕ, ತಾತ್ವಿಕ ಹಾಗೂ ಕಂತು-ಕೇಂದ್ರಿತ ನೆಲೆಗಳಲ್ಲಿ ಮುಖಾಮುಖಿಯಾಗುವ ವಿನಮ್ರ ಪ್ರಯತ್ನವೇ ಪ್ರಸ್ತುತ ಮಹಾಪ್ರಬಂಧವಾಗಿದೆ. ಈ ವಿಷಯದ ಮೇಲೆ ಕನ್ನಡದಲ್ಲಿ ಇದುವರೆಗೆ ಸಮಗ್ರ ಅಧ್ಯಯನ ನಡೆದಿಲ್ಲ ಎಂಬುದೇ ಇದರ ಮಹತ್ವವಾಗಿರುತ್ತದೆ. ನಡೆಯದೇ ಇರುವುದಕ್ಕೆ ಕಾರಣ ಇದ್ದೀತು ಎಂದು ಅನುಮಾನಿಸುವುದು ಸಂಶೋಧನೆಯ ಶಿಸ್ತಿಗೆ ಒಪ್ಪುವಂಥದ್ದಲ್ಲ.

1.1 ವ್ಯಾಪ್ತಿ ಮತ್ತು ಮಿತಿ

ಅಧ್ಯಯನಕ್ಕೆ ಎತ್ತಿಕೊಂಡ ಆಕರ ವಸ್ತುವು ಹತ್ತು ಇಂಚಿನ ಪರದೆ, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಹಾಗೂ ‘ಶಕ್ತಿಶಾಲಿ ಕ್ವಾಡ್ ಕೋರ್ ಪ್ರೊಸೆಸರ್’ ಹೊಂದಿರುತ್ತದೆ. 49,990 ರೂ. ಎಂದು ಬರೆದು ಅದರ ಮೇಲೆ ಗೆರೆ ಎಳೆದು, ಕೆಳಗೆ ಕೆಂಪಕ್ಷರದಲ್ಲಿ 24,990 ರೂ. ಎಂದು ನಮೂದಿಸಲಾಗಿದೆ. ಚಿತ್ರದಲ್ಲಿ ಕೀಬೋರ್ಡ್ ಇದೆ, ಡಬ್ಬಿಯಲ್ಲಿ ಇಲ್ಲ. ತಯಾರಕರ ಹೆಸರನ್ನು ಸಂಶೋಧನಾ ನೈತಿಕತೆಯ ದೃಷ್ಟಿಯಿಂದ ಗುಪ್ತವಾಗಿಡಲಾಗಿದೆ. ಯಾವ ಅಂಗಡಿಗೆ ಹೋದರೂ ಇದರ ಅಣ್ಣತಮ್ಮಂದಿರು ಸಾಲಾಗಿ ನಿಂತಿರುವುದರಿಂದ ಓದುಗರಿಗೆ ನಷ್ಟವೇನೂ ಇಲ್ಲ.

1.1.1 ಪಾರಿಭಾಷಿಕ ಪದಗಳು

ಅಸ್ಮಿತೆ, ಅನ್ಯತೆ, ಸಂಕಥನ, ನಿರಚನೆ, ಆಯಾಮ. ಇವನ್ನು ಎಲ್ಲಾದರೂ ಬಳಸಲಾಗುವುದು. ಬಳಸದಿದ್ದರೆ ಪ್ರಬಂಧ ವಾಪಸ್ ಬರುತ್ತದೆ.

ಅಧ್ಯಾಯ 2: ಪೂರ್ವಸೂರಿಗಳ ಸಮೀಕ್ಷೆ

ದ್ವಿರೂಪಿ ಚಿಂತನೆಯ ಆದ್ಯ ಪ್ರವರ್ತಕ ಅಲನ್ ಕೇ. 1972ರಲ್ಲಿ ಆತ ಡೈನಾಬುಕ್ ಎಂಬ ಯಂತ್ರವನ್ನು ಕಾಗದದ ಮೇಲೆ ಕಲ್ಪಿಸಿದ: ನೋಟ್‌ಬುಕ್ಕಿನಷ್ಟೇ ಗಾತ್ರ, ಪರದೆಯ ಕೆಳಗೆ ಕೀಬೋರ್ಡು, ಬೆಲೆ 500 ಡಾಲರ್ ಆಸುಪಾಸು, ಬಳಕೆದಾರರು ಮಕ್ಕಳು. ಆ ಕಲ್ಪನೆಯ ಕೀಬೋರ್ಡನ್ನು ಬಿಡಿಯಾಗಿ ಮಾರುವ ಉಪಾಯ ಮಾತ್ರ ಆತನಿಗೆ ಹೊಳೆದಿರಲಿಲ್ಲ. ಋಷಿಗಳು ಹಾಗೇ.

ಎರಡನೆಯ ಆಚಾರ್ಯ ಬಿಲ್ ಗೇಟ್ಸ್. 2001ರಲ್ಲಿ ಲಾಸ್ ವೇಗಸ್‌ನ ಕಾಮ್ಡೆಕ್ಸ್ ಮೇಳದಲ್ಲಿ ಟ್ಯಾಬ್ಲೆಟ್ ಪಿಸಿ ಎತ್ತಿ ಹಿಡಿದು, ಇನ್ನೈದು ವರ್ಷದಲ್ಲಿ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಪಿಸಿ ಇದೇ ಎಂದು ಭವಿಷ್ಯ ನುಡಿದರು. 2006 ಬಂತು, ಹೋಯಿತು. ಮೂರನೆಯವರು ಟಿಮ್ ಕುಕ್. 2012ರಲ್ಲಿ ಅವರು ಖಂಡನ ಮಾರ್ಗ ಹಿಡಿದು, ಟೋಸ್ಟರನ್ನೂ ಫ್ರಿಜ್ಜನ್ನೂ ಒಂದಾಗಿಸಬಹುದು, ಬಳಸುವವರಿಗೆ ಅದು ಹಿತವಾಗಲಿಕ್ಕಿಲ್ಲ ಎಂದರು. 2015ರಲ್ಲಿ ಅವರದೇ ಕಂಪನಿ ಐಪ್ಯಾಡ್ ಪ್ರೊ ತಂದು, ಜೊತೆಗೆ ಕೀಬೋರ್ಡ್ ಕವಚವನ್ನೂ ತಂದಿತು. ಖಂಡನ-ಮಂಡನಗಳೆರಡೂ ಒಂದೇ ಮಠದಿಂದ ಹೊರಟ ಅಪರೂಪದ ಪ್ರಸಂಗವಿದು.

ರಿಯಾಯಿತಿ ಸಂಕಥನಕ್ಕೆ ಮೂಲಗ್ರಂಥವೆಂದರೆ ಮೈಕ್ರೋಸಾಫ್ಟಿನ ಸರ್ಫೇಸ್ ಆರ್‌ಟಿ. 2012ರ ಅಕ್ಟೋಬರ್‌ನಲ್ಲಿ ಬಂದ ಈ ಫಲಕ ನೋಡಲು ವಿಂಡೋಸ್, ಹಳೆಯ ವಿಂಡೋಸ್ ತಂತ್ರಾಂಶ ಹಾಕಹೋದರೆ ವಿಂಡೋಸ್ ಅಲ್ಲ. 32 ಜಿಬಿ ಎಂದು ಕೊಂಡವನಿಗೆ ಸಿಕ್ಕ ಖಾಲಿ ಜಾಗ ಸುಮಾರು 16 ಜಿಬಿ. ಮರುವರ್ಷ ಜುಲೈನಲ್ಲಿ ಬೆಲೆಯನ್ನು 150 ಡಾಲರ್ ಇಳಿಸಿದರು. ಅದೇ ತಿಂಗಳು ಮಾರಾಟವಾಗದೆ ಉಳಿದ ದಾಸ್ತಾನಿನ ಲೆಕ್ಕಕ್ಕೆ 90 ಕೋಟಿ ಡಾಲರ್ ನಷ್ಟ ಬರೆದುಕೊಂಡರು. ಬೆಲೆ ಇಳಿಸುವುದು ಕೊಳ್ಳುವವನ ಮೇಲಿನ ಅಕ್ಕರೆಗೋ ಗೋದಾಮು ಖಾಲಿ ಮಾಡುವುದಕ್ಕೋ ಎಂಬ ಜಟಿಲ ತಾತ್ವಿಕ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಭಾಷ್ಯ ಇನ್ನೊಂದಿಲ್ಲ.

ನಮ್ಮ ನೆಲದ ಪೂರ್ವಸೂರಿಯನ್ನು ಬಿಟ್ಟರೆ ದೇಸಿ ವಿದ್ವಾಂಸರು ಸಿಟ್ಟಾಗುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಎನ್‌ಕೋರ್ ಸಂಸ್ಥೆಯವರೊಂದಿಗೆ ಸೇರಿ ರೂಪಿಸಿದ ಸಿಂಪ್ಯೂಟರ್ ಅಂಗೈಯಗಲದ ಕಂಪ್ಯೂಟರು. ಒಂದೇ ಯಂತ್ರವನ್ನು ಊರಿನ ಹಲವರು ತಂತಮ್ಮ ಸ್ಮಾರ್ಟ್ ಕಾರ್ಡ್ ತೂರಿಸಿ ಬಳಸಬೇಕು, ಓದು ಬಾರದವರಿಗೆ ಅದು ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳಬೇಕು ಎಂಬುದು ಅವರ ಆಸೆ. 2004ರಲ್ಲಿ ಬಿಇಎಲ್‌ನಲ್ಲಿ ತಯಾರಾಗಿ ಮಾರುಕಟ್ಟೆಗೆ ಬಂತು. ಜನ ಕೊಳ್ಳಲಿಲ್ಲ. ಅದನ್ನು ತಮಾಷೆ ಮಾಡಲು ನನಗೆ ಮನಸ್ಸಿಲ್ಲ. ಆ ಯಂತ್ರ ಯಾರಿಗಾಗಿ ಎಂಬುದಾದರೂ ಅದನ್ನು ಮಾಡಿದವರಿಗೆ ಗೊತ್ತಿತ್ತು.

ಅಧ್ಯಾಯ 3: ಸಂಧಿ ಪ್ರಕರಣ

ಟ್ಯಾಬ್ಲೆಟ್ ಎಂಬ ಪೂರ್ವಪದಕ್ಕೆ ಲ್ಯಾಪ್‌ಟಾಪ್ ಎಂಬ ಉತ್ತರಪದ ಸೇರುವಾಗ ನಡೆಯುವ ವಿಕಾರಗಳನ್ನು ಸಂಧಿಕಾರ್ಯದ ಬೆಳಕಿನಲ್ಲಿ ಹತ್ತು ಬಗೆಯಾಗಿ ವಿಂಗಡಿಸಬಹುದು.

3.1 ಲೋಪ ಸಂಧಿ. ಊರು ಮತ್ತು ಅಲ್ಲಿ ಸೇರಿ ಊರಲ್ಲಿ ಆದಾಗ ಒಂದು ಉಕಾರ ಹೋಗುತ್ತದೆ. ಹಾಗೆಯೇ ಇಲ್ಲಿ ಯುಎಸ್‌ಬಿ ಕಿಂಡಿಗಳು ಹೋಗುತ್ತವೆ. ಉಳಿದ ಒಂದೇ ಒಂದು ಟೈಪ್-ಸಿ ಕಿಂಡಿಗೆ ಚಾರ್ಜರ್ ಹಾಕಿದರೆ ಪೆನ್‌ಡ್ರೈವ್ ಇಲ್ಲ, ಪೆನ್‌ಡ್ರೈವ್ ಹಾಕಿದರೆ ಚಾರ್ಜರ್ ಇಲ್ಲ. ಫಲಕದ ಬೆನ್ನಿಗೆ ಊರುಗೋಲು ಕೊಟ್ಟಿದ್ದಾರೆ, ಮೇಜಿನ ಮೇಲೆ ಸೊಗಸಾಗಿ ನಿಲ್ಲುತ್ತದೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟು ಟೈಪ್ ಮಾಡಲು ಹೋದರೆ ಹಿಂದಕ್ಕೆ ಮಗುಚಿಕೊಳ್ಳುತ್ತದೆ. ಹೀಗಾಗಿ ಲ್ಯಾಪ್‌ಟಾಪಿನಿಂದ ಲೋಪವಾದದ್ದು ಲ್ಯಾಪೇ.

3.2 ಆಗಮ ಸಂಧಿ. ಮನೆ ಮತ್ತು ಅಲ್ಲಿ ನಡುವೆ ಎಲ್ಲೂ ಇಲ್ಲದ ಯಕಾರ ಬಂದು ಕೂರುವಂತೆ ಬಿಲ್ಲಿನಲ್ಲಿ ಎಲ್ಲೂ ಇಲ್ಲದ ಕೀಬೋರ್ಡ್ ಬಂದು ಕೂರುತ್ತದೆ: 8,990 ರೂ. ಅದರ ಹಿಂದೆಯೇ ಪೆನ್ನು, 3,490 ರೂ. ಕೂಡಿದರೆ 37,470. ಅರ್ಧ ಬೆಲೆ ಎಂದು ಒಳಗೆ ಹೋದವನು ಮುಕ್ಕಾಲು ಬೆಲೆ ಕೊಟ್ಟು ಹೊರಬರುತ್ತಾನೆ. ಹಬ್ಬು, ಕವರು, ಗಾಜಿನ ಹಾಳೆ ಇನ್ನೂ ಬಾಕಿ.

3.3 ಆದೇಶ ಸಂಧಿ. ಮಳೆಕಾಲ ಮಳೆಗಾಲವಾಗುವಂತೆ ಒಂದರ ಜಾಗಕ್ಕೆ ಇನ್ನೊಂದು ಬರುವುದು. ಎಸ್‌ಎಸ್‌ಡಿ ಇರಬೇಕಾದಲ್ಲಿ ಇಎಂಎಂಸಿ. ಎರಡನ್ನೂ ‘64 ಜಿಬಿ ಸ್ಟೋರೇಜ್’ ಎಂದೇ ಬರೆಯುತ್ತಾರೆ. ಇಎಂಎಂಸಿ 5.1ರ ವೇಗ ಕಾಗದದ ಮೇಲೂ ಸೆಕೆಂಡಿಗೆ 400 ಎಂಬಿ ದಾಟುವುದಿಲ್ಲ, ಸಾಧಾರಣ ಎನ್‌ವಿಎಂಇ ಡ್ರೈವು ಸಾವಿರಗಳಲ್ಲಿ ಓಡುತ್ತದೆ. ಆ 64 ಕೂಡ ವಿಂಡೋಸ್ ಎಣಿಸುವ ರೀತಿಯಲ್ಲಿ 59.6. ಅದರೊಳಗೆ ವಿಂಡೋಸ್ ತಾನು ಸಂಸಾರ ಸಮೇತ ಬೀಡುಬಿಟ್ಟ ಮೇಲೆ, ದೊಡ್ಡ ಅಪ್‌ಡೇಟ್ ಬಂದಾಗ ‘ಜಾಗ ಸಾಲದು’ ಎಂದು ನಮ್ಮನ್ನೇ ಗದರುತ್ತದೆ.

3.4ರಿಂದ ಸಂಸ್ಕೃತ ಸಂಧಿಗಳು. ಸವರ್ಣದೀರ್ಘಕ್ಕೆ ಉದಾಹರಣೆ ಹುಡುಕುತ್ತಿದ್ದೇನೆ. ಗುಣಸಂಧಿ ಈ ವಸ್ತುವಿನಲ್ಲಿ ಕಂಡುಬರಲಿಲ್ಲ. ವೃದ್ಧಿಸಂಧಿ ಕಂತಿನ ಅಧ್ಯಾಯದಲ್ಲಿ ಬರುತ್ತದೆ. ಯಣ್, ಜಶ್ತ್ವ, ಶ್ಚುತ್ವಗಳನ್ನು ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬಿಡೋಣ. ಹತ್ತು ಬಗೆ ಎಂದು ಮೊದಲೇ ಬರೆದದ್ದು ಮಾರ್ಗದರ್ಶಕರಿಗೆ ಸಂಖ್ಯೆ ಎಂದರೆ ಇಷ್ಟ ಅಂತ.

ಅಧ್ಯಾಯ 4: ಕಂತಿನ ಜ್ಞಾನಮೀಮಾಂಸೆ

ಸೊನ್ನೆ ಬಡ್ಡಿ ಎಂಬ ವಸ್ತುವೇ ಲೋಕದಲ್ಲಿಲ್ಲ ಎಂದು ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತು. ಬಡ್ಡಿಯನ್ನು ಸಂಸ್ಕರಣಾ ಶುಲ್ಕದೊಳಗೆ ಅಡಗಿಸಿ ಗಿರಾಕಿಯನ್ನು ನಂಬಿಸಬೇಡಿ ಎಂಬುದು ಅದರ ತಾತ್ಪರ್ಯ. ಆಮೇಲೆ ನಮ್ಮ ಕಾರ್ಡುಗಳ ಮೇಲೆ ಮೆರೆಯತೊಡಗಿದ್ದು ‘ನೋ-ಕಾಸ್ಟ್ ಇಎಂಐ’. ಆದೇಶ ಸಂಧಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹಳಗನ್ನಡದಲ್ಲೂ ಸಿಗದು.

ಒಳಗಿನ ಯಂತ್ರ ಹೀಗಿದೆ. 30,000 ರೂ. ಮಾಲು, ತಿಂಗಳಿಗೆ 5,000ದಂತೆ ಆರು ಕಂತು, ವಾರ್ಷಿಕ ಬಡ್ಡಿ ಶೇ. 15 ಎಂದಿಟ್ಟುಕೊಳ್ಳಿ. ಆರು ತಿಂಗಳ ಬಡ್ಡಿ ಸುಮಾರು 1,270 ರೂ. ಆಗುತ್ತದೆ. ಅಷ್ಟನ್ನು ಮೊದಲೇ ‘ರಿಯಾಯಿತಿ’ ಎಂದು ಕಳೆಯುತ್ತಾರೆ, ಬ್ಯಾಂಕು ಅಷ್ಟನ್ನೇ ಬಡ್ಡಿ ಎಂದು ಕೂಡುತ್ತದೆ. ಲೆಕ್ಕ ಸರಿಹೋಯಿತು ಅನ್ನುವಷ್ಟರಲ್ಲಿ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ, ಸುಮಾರು 229 ರೂ., ನಮ್ಮ ತಲೆಗೆ ಬರುತ್ತದೆ. ಸಂಸ್ಕರಣಾ ಶುಲ್ಕ ಬೇರೆ. ವೃದ್ಧಿಸಂಧಿ ಎಂದದ್ದು ಇದನ್ನೇ. ದುಡ್ಡು ದೊಡ್ಡದಲ್ಲ, ನಿಜ. ಆದರೆ ನಗದು ಕೊಡುತ್ತೇನೆ, ಆ 1,270 ನನಗೂ ಬಿಡಿ ಎಂದು ಕೇಳಿ ನೋಡಿ. ಅಂಗಡಿಯ ಹುಡುಗ ನಿಮ್ಮನ್ನು ನೋಡುವ ನೋಟದಲ್ಲಿ ಅನ್ಯತೆಯ ಸಂಪೂರ್ಣ ಅನುಭವವಾಗುತ್ತದೆ.

ಇನ್ನು ಪ್ರಮಾಣ ವಿಚಾರ. ಪ್ರತ್ಯಕ್ಷ ಪ್ರಮಾಣಕ್ಕೆ ಅವಕಾಶವಿಲ್ಲ. ಪ್ರದರ್ಶನಕ್ಕಿಟ್ಟ ಯಂತ್ರದಲ್ಲಿ ಜಲಪಾತದ ವಿಡಿಯೋ ಓಡುತ್ತಿರುತ್ತದೆ, ಮುಟ್ಟಿದರೆ ಲಾಕ್. ಉಳಿದದ್ದು ಆಪ್ತವಾಕ್ಯ. ಐದು ನಕ್ಷತ್ರ ಕೊಟ್ಟ ಆಪ್ತರು ‘ಬೇಗ ಬಂತು, ಪ್ಯಾಕಿಂಗ್ ಚೆನ್ನಾಗಿದೆ’ ಎಂದು ಬರೆದಿರುತ್ತಾರೆ. ಒಂದು ನಕ್ಷತ್ರದವರು ಡೆಲಿವರಿ ಹುಡುಗನ ಮೇಲೆ ಸಿಟ್ಟಾಗಿರುತ್ತಾರೆ. ಇದರಲ್ಲಿ ಕನ್ನಡ ಟೈಪ್ ಮಾಡಬಹುದೇ, ನುಡಿ ತಂತ್ರಾಂಶದಲ್ಲಿ ಮಾಡಿದ ಹಳೆಯ ಆಸ್ಕಿ ಕಡತ ತೆರೆದುಕೊಳ್ಳುತ್ತದೆಯೇ ಎಂದು ಅಲ್ಲಿ ಯಾರೂ ಬರೆದಿರುವುದಿಲ್ಲ. ನಮ್ಮಲ್ಲಿ ಇದು ಚಿಲ್ಲರೆ ಪ್ರಶ್ನೆಯಲ್ಲ. ಎಷ್ಟೋ ಕಚೇರಿ, ಎಷ್ಟೋ ಪ್ರೆಸ್ಸುಗಳ ವರ್ಷಗಟ್ಟಲೆಯ ಬರಹ ಆ ಕಡತಗಳಲ್ಲಿ ಕೂತಿದೆ. ಆ್ಯಂಡ್ರಾಯ್ಡ್ ಟೂ-ಇನ್-ಒನ್‌ನಲ್ಲಿ ಅದನ್ನು ತೆರೆದರೆ ಕಾಣುವುದು ರೋಮನ್ ಅಕ್ಷರಗಳ ರಾಶಿ.

ಅಧ್ಯಾಯ 5: ನಾಮಕರಣದ ರಾಜಕಾರಣ

ಈ ಅಧ್ಯಾಯಕ್ಕೆ ಉಪವಿಭಾಗಗಳಿಲ್ಲ. ತಾಳ್ಮೆ ಮುಗಿದಿದೆ.

‘ಶಕ್ತಿಶಾಲಿ ಕ್ವಾಡ್ ಕೋರ್’ ಅಂದರೆ ಯಾವುದು ಸ್ವಾಮಿ? ಡಬ್ಬಿಯ ತಳದಲ್ಲಿ, ಭೂತಗನ್ನಡಿ ಬೇಕಾಗುವ ಅಕ್ಷರದಲ್ಲಿ ಸಿಕ್ಕಿತು: ಇಂಟೆಲ್ ಆ್ಯಟಂ ಎಕ್ಸ್5-ಝಡ್8350. ಅದು 2016ರ ಚಿಪ್ಪು. ವಿಂಡೋಸ್ 11ಕ್ಕೆ ಅರ್ಹವಾದ ಪ್ರೊಸೆಸರ್‌ಗಳ ಪಟ್ಟಿಯಲ್ಲಿ ಅದು ಇಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ಅರ್ಧ ಬೆಲೆಗೆ ಯಾಕೆ ಬಂತು ಅನ್ನುವುದಕ್ಕೆ ಈ ಮೂರು ಸಾಲು ಸಾಕಾಗಿತ್ತು. ಆ ಮೂರು ಸಾಲು ಬಿಟ್ಟು ಜಾಹೀರಾತಿನ ಪುಟದಲ್ಲಿ ಬೇರೆಲ್ಲ ಇದೆ: ‘ಸೃಜನಶೀಲತೆಯ ಹೊಸ ಆಯಾಮ’, ‘ನಿಮ್ಮ ಅಸ್ಮಿತೆಗೆ ತಕ್ಕ ವಿನ್ಯಾಸ’. ನಮ್ಮ ವಿಮರ್ಶಕರು ಅಲ್ಲಿಗೆ ಕೆಲಸಕ್ಕೆ ಸೇರಿದ್ದಾರೋ ಅಲ್ಲಿನವರು ಇಲ್ಲಿ ಪಿಎಚ್‌ಡಿ ಮಾಡುತ್ತಿದ್ದಾರೋ ತಿಳಿಯದು. ಎರಡೂ ಕಡೆ ಕೆಲಸ ಒಂದೇ, ಹೇಳಬೇಕಾದ ಮೂರು ಸಾಲನ್ನು ಮುನ್ನೂರು ಪುಟದ ಕೆಳಗೆ ಹೂಳುವುದು.

ಹೆಸರುವಾಸಿ ಚಿಪ್ಪುಗಳದ್ದೂ ಇದೇ ಕತೆ. ತೆಳ್ಳನೆಯ ಯಂತ್ರಗಳಿಗೆಂದು ಇಂಟೆಲ್ ಮಾಡುತ್ತಿದ್ದ ಕಡಿಮೆ ವಿದ್ಯುತ್ತಿನ ಕೋರ್ ಎಂ5, ಎಂ7 ಸಾಲಿನ ಚಿಪ್ಪುಗಳಿಗೆ 2016ರಲ್ಲಿ ಐ5, ಐ7 ಎಂದು ಮರುನಾಮಕರಣವಾಯಿತು. ಐ5-7ವೈ54 ಎಂಬಲ್ಲಿ ನಡುವೆ ಇರುವ ಆ ಒಂದು ‘ವೈ’ ಮಾತ್ರ ಹಳೆಯ ಗುರುತು. ಜಾಹೀರಾತಿನಲ್ಲಿ ಐ5 ಎಂದಷ್ಟೇ ಇರುತ್ತದೆ. ಪಕ್ಕದ ಮನೆಯ ದಪ್ಪ ಲ್ಯಾಪ್‌ಟಾಪಿನಲ್ಲೂ ಐ5, ಇದರಲ್ಲೂ ಐ5, ಇದು ಯಾಕೆ ತೆವಳುತ್ತದೆ ಎಂದು ಕೊಂಡವನು ತಲೆ ಕೆರೆದುಕೊಳ್ಳುತ್ತಾನೆ.

ಮುಂದೆ ರಿಪೇರಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಮಾಡಲಾಗದ್ದು ಇಲ್ಲ ಎಂಬ ನಂಬಿಕೆಯಲ್ಲಿ ಬೆಳೆದವರು ನಾವು. ಅಲ್ಲಿ ಕಿರಿದಾದ ಮೆಟ್ಟಿಲು ಹತ್ತಿ ಹೋದರೆ ಒಂದು ಅಂಗಡಿಯಲ್ಲಿ ಒಬ್ಬಾತ ಇಂಥದೇ ಫಲಕ ಬಿಚ್ಚುತ್ತಿದ್ದ. ಎಲ್ಲೂ ಸ್ಕ್ರೂ ಇಲ್ಲ. ಗಾಜಿನ ಅಂಚಿಗೆ ಬಿಸಿಗಾಳಿ ಹಿಡಿದು, ಅಂಟು ಮೆತ್ತಗಾದ ಕಡೆ ಉಗುರಿನಷ್ಟು ತೆಳ್ಳಗಿನ ಪ್ಲಾಸ್ಟಿಕ್ ಚೂರು ತೂರಿಸಿ, ಉಸಿರು ಹಿಡಿದು ಅರ್ಧ ಬೆರಳು, ಇನ್ನರ್ಧ ಬೆರಳು ಸರಿಸುತ್ತಿದ್ದ. ಮೂರನೆಯ ಮೂಲೆಗೆ ಬಂದಾಗ ಟಿಕ್ ಎಂದಿತು. ಕೂದಲೆಳೆಯಂಥ ಬಿರುಕೊಂದು ಪರದೆಯ ಈ ತುದಿಯಿಂದ ಆ ತುದಿಗೆ ಓಡಿತು. ‘ಇದನ್ನ ಬಿಚ್ಚೋಕೆ ಅಂತ ಮಾಡಿಲ್ಲ ಸಾರ್, ಅಂಟ್ಸೋಕೆ ಮಾಡಿದಾರೆ’ ಎಂದ, ಯಾರನ್ನೂ ಬೈಯದೆ. ಒಳಗೆ ರ‍್ಯಾಮ್ ಬೋರ್ಡಿಗೇ ಬೆಸುಗೆ, ಇಎಂಎಂಸಿ ಬೋರ್ಡಿಗೇ ಬೆಸುಗೆ, ಬ್ಯಾಟರಿ ಬೆನ್ನಿಗೆ ಅಂಟು. 2013ರಲ್ಲೇ ಐಫಿಕ್ಸಿಟ್‌ನವರು ಮೊದಲ ಸರ್ಫೇಸ್ ಪ್ರೊ ಬಿಚ್ಚಿ ನೋಡಿ ರಿಪೇರಿಗೆ ಹತ್ತರಲ್ಲಿ ಒಂದು ಅಂಕ ಕೊಟ್ಟಿದ್ದರು. ಗೋದಾಮಿನಲ್ಲಿ ವರ್ಷಗಟ್ಟಲೆ ಕೂತ ಲಿಥಿಯಂ ಬ್ಯಾಟರಿ ಬಳಸದಿದ್ದರೂ ಸೊರಗುತ್ತದೆ. ಅದನ್ನು ಬದಲಿಸಲು ಹೋದರೆ ಗಾಜು ಹೋಗುತ್ತದೆ. ಗಾಜಿನ ಬೆಲೆ ಕೇಳಿದರೆ ಹೊಸದನ್ನೇ ತಗೊಳ್ಳಿ ಅನ್ನುತ್ತಾರೆ.

ನನ್ನಂಥವರು ಇದನ್ನು ಕೊಂಡು ಕೈಸುಟ್ಟುಕೊಂಡರೆ ಒಂದು ಹಾಸ್ಯ ಪ್ರಬಂಧವಾದೀತು. ಆದರೆ ಈ ಕೆಂಪಕ್ಷರದ ಬೆಲೆ ನನಗಾಗಿ ಬರೆದದ್ದಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಗದಗ ಜಿಲ್ಲೆಯ ತಾಯಿಯೊಬ್ಬರು ಮಕ್ಕಳ ಪಾಠಕ್ಕೆಂದು ತಾಳಿ ಅಡವಿಟ್ಟು ಟಿವಿ ತಂದ ಸುದ್ದಿಯನ್ನು ನಾವೆಲ್ಲ ಓದಿದೆವು. ನಿಟ್ಟುಸಿರು ಬಿಟ್ಟು ಪುಟ ತಿರುಗಿಸಿದೆವು. ಮಗಳು ಡಿಗ್ರಿಗೆ ಸೇರಿದಳು, ಕಂಪ್ಯೂಟರ್ ಬೇಕಂತೆ ಎಂದು ಇಪ್ಪತ್ತೈದು ಸಾವಿರ ಜೋಡಿಸಿಕೊಂಡು ಅಂಗಡಿಗೆ ಬರುವವರು ಅಂಥವರೇ. ಅವರು ಕೇಳುವುದು ಒಂದೇ ಮಾತು: ನಾಲ್ಕು ವರ್ಷ ಬರುತ್ತಾ? ಉತ್ತರ ಆ ಅಂಗಡಿಯ ಹುಡುಗನಿಗೂ ಗೊತ್ತಿಲ್ಲ, ಪಾಪ. ಗೊತ್ತಿರುವವರು ಅದನ್ನು ಡಬ್ಬಿಯ ಮೇಲೆ ಬರೆಯುವುದಿಲ್ಲ. ಪೊಟ್ಟಣ ಕಟ್ಟಿದ ಮಾಲಿನ ಮೇಲೆ ಎಂಆರ್‌ಪಿ ಛಾಪಿಸಲೇಬೇಕೆಂದು ಕಾನೂನಿದೆ. ಈ ಯಂತ್ರಕ್ಕೆ ಸುರಕ್ಷತಾ ಅಪ್‌ಡೇಟ್ ಯಾವ ವರ್ಷದವರೆಗೆ, ರ‍್ಯಾಮ್ ಬದಲಿಸಲು ಬರುತ್ತದೋ ಇಲ್ಲವೋ, ಕೀಬೋರ್ಡ್ ಒಳಗಿದೆಯೋ ಇಲ್ಲವೋ, ಅದೇ ಅಳತೆಯ ಅಕ್ಷರದಲ್ಲಿ ಮುಂದೆಯೇ ಬರೆದರೆ ಯಾರ ಗಂಟು ಹೋಗುತ್ತದೆ? ಹೋಗುವವರ ಗಂಟು ಹೋಗುತ್ತದೆ, ಅದಕ್ಕೇ ಬರೆಯುವುದಿಲ್ಲ. ಬ್ರೆಡ್ಡಿಗೂ ಕೊನೆಯ ತಾರೀಕು ಇರುವ ದೇಶದಲ್ಲಿ ಒಬ್ಬರ ತಿಂಗಳುಗಟ್ಟಲೆ ದುಡಿಮೆ ನುಂಗುವ ವಸ್ತುವಿಗೆ ತಾರೀಕಿಲ್ಲ.

ಅನುಬಂಧ: ಮೌಖಿಕ ಪರೀಕ್ಷೆ

ಬಾಹ್ಯ ಪರೀಕ್ಷಕರು ಗೋಡಂಬಿ ಮುಗಿಸಿ ಕೇಳಿದರು: ‘ಎಲ್ಲ ಸರಿ, ನಿರಚನೆ ಚೆನ್ನಾಗಿದೆ. ಕೊಳ್ಳಬೇಕೋ ಬೇಡವೋ?’

8 ಜಿಬಿ ರ‍್ಯಾಮು, ಎಸ್‌ಎಸ್‌ಡಿ, ವಿಂಡೋಸ್ 11ರ ಪಟ್ಟಿಯಲ್ಲಿರುವ ಪ್ರೊಸೆಸರು, ಡಬ್ಬಿಯೊಳಗೇ ಕೀಬೋರ್ಡು, ಇಷ್ಟಿದ್ದರೆ ರಿಯಾಯಿತಿಯಲ್ಲಿ ಬಂದ ಟೂ-ಇನ್-ಒನ್ ಕೊಳ್ಳಲು ಅಡ್ಡಿಯಿಲ್ಲ. ಚಿತ್ರ ಬರೆಯುವವರಿಗೆ, ಮಲಗಿಕೊಂಡು ಪಿಡಿಎಫ್ ಓದುವವರಿಗೆ ಅದು ನಿಜಕ್ಕೂ ಹಿತವಾದ ಯಂತ್ರ. ಬರಿಯ ಟೈಪಿಂಗಿಗೆ ಬೇಕಾದವರು ಅದೇ ದುಡ್ಡಿಗೆ ರ‍್ಯಾಮ್ ಬದಲಿಸಬಹುದಾದ ದಪ್ಪ ಲ್ಯಾಪ್‌ಟಾಪನ್ನು, ಸೆಕೆಂಡ್ ಹ್ಯಾಂಡ್ ಆದರೂ ಸರಿ, ತಗೊಳ್ಳುವುದು ವಾಸಿ. ಆಕರ ವಸ್ತುವಿನಲ್ಲಿ ಈ ನಾಲ್ಕರಲ್ಲಿ ಒಂದೂ ಇರಲಿಲ್ಲ ಎಂದು ಸಭೆಗೆ ನಿವೇದಿಸಿದೆ.

‘ಆಫರ್ ಯಾವತ್ತಿನವರೆಗೆ?’ ಎಂದರು ಪರೀಕ್ಷಕರು, ಮೊಬೈಲ್ ತೆಗೆಯುತ್ತ.

ಇವತ್ತು ರಾತ್ರಿ ಹನ್ನೆರಡಕ್ಕೆ ಕೊನೆ ಎಂದು ಹಾಕಿದ್ದಾರೆ. ಹೋದ ವಾರವೂ ಹಾಗೇ ಹಾಕಿದ್ದರು.