ದೋಣಿ ಎಲ್ಲಿದೆಯೆಂದು ದೋಣಿಗೇ ಗೊತ್ತಿಲ್ಲ

ಕಂಪ್ಯೂಟರ್ ಬಲ್ಲವನೆಂದು ಒಮ್ಮೆ ಹೆಸರು ಬಿದ್ದರೆ ಮುಗಿಯಿತು. ಪ್ರಿಂಟರ್ ಕಾಗದ ನುಂಗಿದರೂ ನಮ್ಮನ್ನೇ ಕರೆಯುತ್ತಾರೆ, ಮಿಕ್ಸಿ ತಿರುಗದಿದ್ದರೂ ನಮ್ಮನ್ನೇ ಕರೆಯುತ್ತಾರೆ. ಉಡುಪಿಯಲ್ಲಿದ್ದಷ್ಟು ದಿನ ನೆಂಟರಿಷ್ಟರ ಲ್ಯಾಪ್‌ಟಾಪ್, ಪಾಸ್‌ವರ್ಡ್ ಮರೆತ ಮೊಬೈಲ್, ಇಷ್ಟರಲ್ಲೇ ಪಾರಾಗಿದ್ದೆ. ನೆದರ್ಲೆಂಡ್ಸ್‌ಗೆ ಬಂದು ಲೆಲಿಸ್ಟಾಡ್ ಎಂಬ ಊರಲ್ಲಿ ಮನೆ ಮಾಡಿದ ಮೇಲೆ ದೋಣಿಗಳು ಗಂಟುಬಿದ್ದವು. ಫೋನಿನಲ್ಲಿ ವಿಷಯ ಕೇಳಿದ ಅಮ್ಮ, "ದೋಣಿ ರಿಪೇರಿಗೆ ಅಷ್ಟು ದೂರ ಹೋಗ್ಬೇಕಿತ್ತಾ ಮಾರಾಯ? ಮಲ್ಪೆಯಲ್ಲೇ ಬೇಕಾದಷ್ಟು ಉಂಟಲ್ಲ" ಎಂದರು. ಉತ್ತರ ಹೊಳೆಯಲಿಲ್ಲ.

ಈ ಊರಿನದ್ದೇ ಒಂದು ಕಥೆ. ಇಲ್ಲಿ ಮೊದಲು ಸಮುದ್ರವಿತ್ತು. 1932ರಲ್ಲಿ 32 ಕಿಲೋಮೀಟರ್ ಉದ್ದದ ಕಟ್ಟೆ ಹಾಕಿ ಸಮುದ್ರವನ್ನು ಹೊರಗಿಟ್ಟರು. ಒಳಗೆ ಉಳಿದ ನೀರು ಕ್ರಮೇಣ ಸಿಹಿಯಾಗಿ ಐಸೆಲ್‌ಮೇರ್ ಸರೋವರವಾಯಿತು. ಅದರ ಒಂದು ಭಾಗವನ್ನು ಬತ್ತಿಸಿ ಹೊಲ ಮಾಡಿದರು, ಊರು ಕಟ್ಟಿದರು. ಲೆಲಿಸ್ಟಾಡ್‌ಗೆ ಮೊದಲ ಒಕ್ಕಲುಗಳು ಬಂದದ್ದು 1967ರಲ್ಲಿ. ನಮ್ಮ ಮನೆಯ ಅಂಗಳ ಈಗಲೂ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಸುತ್ತಲಿನ ಹೊಲಗಳ ಅಡಿಯಲ್ಲಿ ಮುಳುಗಿದ ಹಡಗುಗಳ ಅವಶೇಷಗಳು ನೂರಾರು ಸಿಕ್ಕಿವೆ. ದಾರಿ ತಪ್ಪಿದವರ ಮೇಲೆ ಈಗ ಆಲೂಗಡ್ಡೆ ಬೆಳೆಯುತ್ತಿದೆ.

ಪಕ್ಕದ ಮನೆಯವರು ನಿವೃತ್ತ ಭೂಗೋಳದ ಮೇಷ್ಟ್ರು. ಅವರಿಗೊಂದು ಹಳೆಯ ಹಾಯಿದೋಣಿ ಇರುವುದರಿಂದ ನಾನು ಅವರನ್ನು ಕ್ಯಾಪ್ಟನ್ ಎನ್ನುತ್ತೇನೆ. ದುಡ್ಡು ಬಿಚ್ಚುವ ವಿಷಯದಲ್ಲಿ ಡಚ್ಚರೂ ನಮ್ಮ ಕರಾವಳಿಯವರೂ ದೂರದ ಸಂಬಂಧಿಕರೇ ಇರಬೇಕು. ಅಂಗಡಿಯಲ್ಲಿ ಸಿಗುವ ನಕಾಶೆ ಯಂತ್ರದ ಬೆಲೆ ಕೇಳಿ ಕ್ಯಾಪ್ಟನ್ ಬೆಚ್ಚಿ, ಅಂಗೈಯಗಲದ ರಾಸ್ಪ್‌ಬೆರಿ ಪೈ ಕೊಂಡು, ಲಿನಕ್ಸ್ ಹಾಕಿ, ಅದರ ಮೇಲೆ ಬಿಟ್ಟಿಯಾಗಿ ಸಿಗುವ ಓಪನ್‌ಸಿಪಿಎನ್ ಎಂಬ ನಕಾಶೆ ತಂತ್ರಾಂಶವನ್ನು ಕೂರಿಸಿದರು. ಯುಎಸ್‌ಬಿ ತೂತಿಗೆ ಎರಡು ರಿಸೀವರ್. ಒಂದು ಜಿಪಿಎಸ್, ನಾವೆಲ್ಲಿದ್ದೇವೆಂದು ಹೇಳುವುದು. ಇನ್ನೊಂದು ಎಐಎಸ್, ಸುತ್ತಮುತ್ತಲ ಹಡಗುಗಳು ಎಲ್ಲಿವೆಯೆಂದು ಹೇಳುವುದು. ಬೇಸಿಗೆಯ ಒಂದು ಶನಿವಾರ ಬೇಲಿಯಾಚೆಯಿಂದ ಕೂಗಿದರು: "ಸ್ವಲ್ಪ ಬಂದು ನೋಡುತ್ತೀಯಾ? ನನ್ನ ದೋಣಿ ಆಫ್ರಿಕಾದ ಪಕ್ಕದಲ್ಲಿದೆ."

ಇತ್ತು ಕೂಡ. ಪರದೆಯ ಮೇಲೆ ಅಕ್ಷಾಂಶ ಸೊನ್ನೆ, ರೇಖಾಂಶ ಸೊನ್ನೆ. ಅದು ಗಿನಿ ಕೊಲ್ಲಿಯ ನಟ್ಟನಡುವಿನ ನೀರು. ಏನೂ ತಿಳಿಯದ ತಂತ್ರಾಂಶಗಳು ಜಗತ್ತಿನ ದೋಣಿ, ಕಾರು, ಪಿಜ್ಜಾ ಹುಡುಗರನ್ನೆಲ್ಲ ಕಳಿಸುವುದು ಅಲ್ಲಿಗೇ.

ಇಂಥ ಕಡೆ ಲಿನಕ್ಸಿನ ಒಂದು ಗುಣ ನನಗೆ ಇಷ್ಟ. ಚಿತ್ರ, ನಕಾಶೆಗಳನ್ನೆಲ್ಲ ಪಕ್ಕಕ್ಕಿಟ್ಟು ರಿಸೀವರ್ ತನ್ನ ಬಾಯಿಂದ ಏನು ಹೇಳುತ್ತಿದೆಯೆಂದು ನೇರವಾಗಿ ಕೇಳಬಹುದು. ಹಳೆಯ ಸಮುದ್ರಯಂತ್ರಗಳೆಲ್ಲ ಆಡುವುದು ಎನ್‌ಎಂಇಎ 0183 ಎಂಬ ಭಾಷೆ, ಅದೂ ಓದಲು ಬರುವ ಅಕ್ಷರಗಳಲ್ಲೇ. ಜಿಪಿಎಸ್‌ನ ಸಾಲು ಡಾಲರ್ ಚಿಹ್ನೆಯಿಂದ ಶುರು, ಎಐಎಸ್‌ನದ್ದು ಆಶ್ಚರ್ಯಸೂಚಕದಿಂದ. ಜಿಪಿಎಸ್‌ನ ಆರ್‌ಎಂಸಿ ಸಾಲಿನಲ್ಲಿ ವೇಳೆಯ ಮುಂದೆ 'ಎ' ಎಂದಿದ್ದರೆ ನಂಬಬಹುದು, 'ವಿ' ಎಂದಿದ್ದರೆ ಇನ್ನೂ ಆಕಾಶ ಹುಡುಕುತ್ತಿದೆಯೆಂದು ಅರ್ಥ. ಕ್ಯಾಪ್ಟನ್‌ರ ರಿಸೀವರ್ ಸೆಕೆಂಡಿಗೊಮ್ಮೆ 'ಎ' ಎನ್ನುತ್ತಲೇ ಇತ್ತು. ಐವತ್ತೆರಡೂವರೆ ಡಿಗ್ರಿ ಉತ್ತರ, ಐದೂವರೆ ಡಿಗ್ರಿ ಪೂರ್ವ. ಅಚ್ಚುಕಟ್ಟಾಗಿ ಲೆಲಿಸ್ಟಾಡ್. 20,200 ಕಿಲೋಮೀಟರ್ ಎತ್ತರದಿಂದ ಬಂದ ಸುದ್ದಿಗೆ ಕೊನೆಯ ಒಂದು ಮೊಳ ದಾಟಲಾಗಿರಲಿಲ್ಲ.

ಅಡ್ಡ ನಿಂತವನ ಹೆಸರು ಮೋಡೆಮ್‌ಮ್ಯಾನೇಜರ್. ಯಾವ ತಂತಿ ಸಿಕ್ಕಿಸಿದರೂ ಅದು ಮೋಡೆಮ್ ಇರಬಹುದೆಂದು ಅನುಮಾನಿಸುವುದು ಇವನ ಕೆಲಸ. ಮದುವೆಮನೆಯ ಬಾಗಿಲಲ್ಲಿ ನಿಂತು ಅಡುಗೆಯವರನ್ನೂ ವಾಲಗದವರನ್ನೂ ಬಿಡದೆ "ನೀವು ಹೆಣ್ಣಿನ ಕಡೆಯವರೋ ಗಂಡಿನ ಕಡೆಯವರೋ" ಎಂದು ವಿಚಾರಿಸುವ ಸೋದರಮಾವನಿದ್ದಾನಲ್ಲ, ಅವನೇ. 1981ರ ಹೇಯ್ಸ್ ಮೋಡೆಮ್ ಕಾಲದಿಂದ ಬಂದ 'ಎಟಿ' ಎಂಬ ಆಜ್ಞೆಯನ್ನು ಜಿಪಿಎಸ್ಸಿಗೆ ಕಳಿಸಿ ಉತ್ತರಕ್ಕೆ ಕಾಯುತ್ತಾನೆ. ಅಷ್ಟು ಹೊತ್ತು ಬೇರೆ ಯಾರಿಗೂ ತಂತಿ ಬಿಟ್ಟುಕೊಡುವುದಿಲ್ಲ. ಹೊಸ ಆವೃತ್ತಿಗಳಲ್ಲಿ ಅವನಿಗೆ ಸ್ವಲ್ಪ ಬುದ್ಧಿ ಬಂದಿದೆ. ಕ್ಯಾಪ್ಟನ್‌ರದ್ದು ಹಳೆಯದು. ಅವನ ತಮ್ಮ ಬಿಆರ್‌ಎಲ್‌ಟಿಟಿವೈ, ಅಂಧರ ಬ್ರೈಲ್ ಫಲಕಕ್ಕಾಗಿ ಇರುವ ಸಜ್ಜನ. ಆದರೆ ಉಬುಂಟು 22.04ರಲ್ಲಿ, ಅಗ್ಗದ ಸಿಎಚ್340 ಚಿಪ್ಪಿನ ಗುರುತುಸಂಖ್ಯೆಯೂ ಒಂದು ಬ್ರೈಲ್ ಫಲಕದ ಸಂಖ್ಯೆಯೂ ಒಂದೇ ಆಗಿದ್ದರಿಂದ, ಆ ಚಿಪ್ಪಿರುವ ರಿಸೀವರ್‌ಗಳನ್ನೆಲ್ಲ ತನ್ನದೆಂದು ಎತ್ತಿಕೊಂಡ. ಎಷ್ಟೋ ಜನ ತಂತಿ ಬದಲಿಸಿ ಬದಲಿಸಿ ಸುಸ್ತಾದರು.

ಮೋಡೆಮ್‌ಮ್ಯಾನೇಜರನ್ನು ಕಿತ್ತುಹಾಕಿದೆ. ದೋಣಿ ಗಿನಿ ಕೊಲ್ಲಿಯಿಂದ ಮನೆಗೆ ಬಂತು. ಕ್ಯಾಪ್ಟನ್ ಕಾಫಿ ಕೊಟ್ಟರು, ಜೊತೆಗೊಂದು ಬಿಸ್ಕತ್ತು. ಒಂದೇ.

ಮರುವಾರ ಮತ್ತೆ ಬೇಲಿಯಾಚೆಯಿಂದ ಕೂಗು. ಈ ಸಲ ಪರದೆ ಪೂರ್ತಿ ಖಾಲಿ. ಲಿನಕ್ಸ್ ಇಂಥ ರಿಸೀವರ್‌ಗಳಿಗೆ ಟಿಟಿವೈಯುಎಸ್‌ಬಿ ಸೊನ್ನೆ, ಒಂದು ಎಂದು ಹೆಸರಿಡುವುದು ಕಣ್ಣಿಗೆ ಬಿದ್ದ ಸರದಿಯಲ್ಲಿ. ಇವತ್ತಿನ ಸೊನ್ನೆ ನಾಳೆ ಒಂದಾಗಬಹುದು. ಜಿಪಿಎಸ್ ಮಾತಾಡುವುದು ಸೆಕೆಂಡಿಗೆ 4800 ಬಿಟ್ ವೇಗದಲ್ಲಿ, ಎಐಎಸ್ 38,400ರಲ್ಲಿ. ಸ್ಥಾನ ಅದಲುಬದಲಾದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. ಒಂದೊಂದು ಯಂತ್ರಕ್ಕೆ ಅದರ ಕ್ರಮಸಂಖ್ಯೆ ನೋಡಿ ಕಾಯಂ ಹೆಸರಿಡಬಹುದು ಎನ್ನುತ್ತದೆ ಶಾಸ್ತ್ರ. ನೋಡಿದರೆ ಕ್ಯಾಪ್ಟನ್ ಕೊಂಡ ಎರಡು ಅಗ್ಗದ ತಂತಿಗಳಲ್ಲೂ ಕ್ರಮಸಂಖ್ಯೆ 0001! ಕಾರ್ಖಾನೆಯಲ್ಲಿ ಯಾರೂ ಬದಲಿಸುವ ಗೋಜಿಗೆ ಹೋಗಿಲ್ಲ. ಕೊನೆಗೆ ಯಾವ ತೂತಿನಲ್ಲಿ ಯಾವುದು ಎಂಬುದರ ಮೇಲೆ ಹೆಸರಿಟ್ಟು, ತೂತಿನ ಪಕ್ಕ ಕೆಂಪು, ಹಸಿರು ಟೇಪು ಅಂಟಿಸಿದೆ. ತಂತಿ ಮುಟ್ಟಲು ಅನುಮತಿಯಿರುವ ಡಯಲ್‌ಔಟ್ ಗುಂಪಿಗೆ ಬಳಕೆದಾರರ ಹೆಸರು ಸೇರಿಸುವುದು, ಜಿಪಿಎಸ್ ಮಾತನ್ನು ಉಳಿದವರಿಗೆ ಹಂಚುವ ಜಿಪಿಎಸ್‌ಡಿ ಎಂಬ ತಂತ್ರಾಂಶ ಹಿಡಿದುಕೊಂಡ ತಂತಿಗೆ ಓಪನ್‌ಸಿಪಿಎನ್ ನೇರ ಕೈಹಾಕದಂತೆ ನೋಡಿಕೊಳ್ಳುವುದು, ಇವೆಲ್ಲ ಅದರ ನಡುವೆಯೇ ಆಗಿಹೋದವು.

ಅದೇ ಜಿಪಿಎಸ್‌ಡಿ ಒಂದು ಕಾಲದಲ್ಲಿ ಕ್ಯಾಪ್ಟನ್‌ರನ್ನು 2002ಕ್ಕೆ ಕರೆದೊಯ್ದಿತ್ತಂತೆ. ಜಿಪಿಎಸ್ ವಾರಗಳನ್ನು ಎಣಿಸುವುದು 1024ರವರೆಗೆ, ಆಮೇಲೆ ಮತ್ತೆ ಸೊನ್ನೆಯಿಂದ. ಆ ಲೆಕ್ಕ ಸರಿದೂಗಿಸುವ ಸಾಲಿನಲ್ಲಿ ತಪ್ಪಾಗಿ, ಕೆಲವು ಆವೃತ್ತಿಗಳು 2021ರ ಅಕ್ಟೋಬರ್ 24ರಂದು ಸೀದಾ 2002ರ ಮಾರ್ಚಿಗೆ ಹಾರಿದವು. "ಹಾಗೇ ಇರಲಿ ಎನಿಸಿತ್ತು, ಆಗ ನನ್ನ ಮೊಣಕಾಲು ಚೆನ್ನಾಗಿತ್ತು" ಎಂದರು ಕ್ಯಾಪ್ಟನ್.

ಎತ್ತರದ ಬಗ್ಗೆಯೂ ಅವರಿಗೊಂದು ತಕರಾರಿತ್ತು. ನೀರಿನ ಮೇಲಿರುವ ದೋಣಿಯನ್ನು ಯಂತ್ರ ನಲವತ್ತು ಚಿಲ್ಲರೆ ಮೀಟರ್ ಎತ್ತರದಲ್ಲಿದೆ ಎನ್ನುತ್ತಿತ್ತು. ಜಿಪಿಎಸ್ ಎತ್ತರ ಅಳೆಯುವುದು ಭೂಮಿಯ ನುಣುಪಾದ ಗಣಿತರೂಪದಿಂದ, ನಿಜವಾದ ಸಮುದ್ರಮಟ್ಟ ಗುರುತ್ವಕ್ಕೆ ತಕ್ಕಂತೆ ಉಬ್ಬುತಗ್ಗು. ಇಲ್ಲಿ ಅದು ಉಬ್ಬಿದೆ, ನಮ್ಮ ಕಡೆ ತಗ್ಗಿದೆ. ಇದೇ ಯಂತ್ರವನ್ನು ಮಲ್ಪೆಯ ತಾಂಡೇಲನಿಗೆ ಕೊಟ್ಟರೆ ಅವನ ಬೋಟು 80 ಮೀಟರಿನಷ್ಟು ನೀರಿನಡಿ ಇದೆಯೆಂದೀತು. ಜಗತ್ತಿನಲ್ಲೇ ಅತಿ ತಗ್ಗು ಇರುವುದು ಶ್ರೀಲಂಕಾದ ದಕ್ಷಿಣಕ್ಕೆ, 100 ಮೀಟರಿಗೂ ಹೆಚ್ಚು. ಅದಕ್ಕೆ ಕಾರಣ ಭೂಮಿಯಾಳದಲ್ಲಿ ಏನೆಂದು ಲೆಕ್ಕಹಾಕಿ 2023ರಲ್ಲಿ ಪ್ರಬಂಧ ಬರೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು. ಈ ಸುದ್ದಿ ಹೇಳಿದಾಗ ಭೂಗೋಳದ ಮೇಷ್ಟ್ರು ಎರಡನೇ ಬಿಸ್ಕತ್ತು ಕೊಟ್ಟರು.

ನನಗೆ ಹೆಚ್ಚು ಹಿಡಿಸಿದ್ದು ಎಐಎಸ್. ಹಡಗುಗಳು ತಮ್ಮ ಗುರುತು, ಜಾಗ, ವೇಗವನ್ನು 162 ಮೆಗಾಹರ್ಟ್ಸ್ ಆಸುಪಾಸಿನ ಎರಡು ಚಾನೆಲ್‌ಗಳಲ್ಲಿ ತಾವೇ ಸಾರಿಕೊಂಡು ಓಡಾಡುತ್ತವೆ. ಮೊದಲು ಬರುವುದು ಒಂಬತ್ತಂಕಿಯ ಸಂಖ್ಯೆ. ಹೆಸರು ಬರುವುದು ಆರು ನಿಮಿಷಕ್ಕೊಮ್ಮೆ, ಅಲ್ಲಿಯವರೆಗೆ ಹಡಗು ಅನಾಮಿಕ. 244 ಎಂದರೆ ಡಚ್ಚರದ್ದು, 419 ಎಂದರೆ ನಮ್ಮದು. ಎಲ್ಲವೂ ಅವರವರ ಹೇಳಿಕೆ. ಹನ್ನೆರಡು ನಾಟ್ ವೇಗದಲ್ಲಿ ಹೋಗುತ್ತಲೇ 'ಲಂಗರು ಹಾಕಿದ್ದೇನೆ' ಎನ್ನುವವರಿದ್ದಾರೆ. ಯಾರೋ ಗುಂಡಿ ಒತ್ತಲು ಮರೆತಿರುತ್ತಾರೆ, ಅಷ್ಟೇ.

ಕ್ಯಾಪ್ಟನ್‌ರ ಕೊನೆಯ ದೂರು ವಿಚಿತ್ರದ್ದು: ಹಗಲೆಲ್ಲ ಕಾಣುವ ಹಡಗುಗಳು ಕತ್ತಲಾಗುತ್ತಿದ್ದಂತೆ ಪರದೆಯಿಂದ ಮಾಯ. ಆ ಸಂಜೆ ದೋಣಿಯಲ್ಲೇ ಕೂತು, ಆಶ್ಚರ್ಯಸೂಚಕದ ಸಾಲುಗಳು ಓಡುವುದನ್ನು ನೋಡುತ್ತಿದ್ದೆವು. ಕ್ಯಾಪ್ಟನ್ ಎದ್ದು ಹಾಯಿಕಂಬದ ತುದಿಯ ದೀಪದ ಸ್ವಿಚ್ ಹಾಕಿದರು. ಸಾಲುಗಳು ನಿಂತವು. ಆರಿಸಿದರು, ಓಡಿದವು. ಅಗ್ಗದ ಎಲ್‌ಇಡಿ ಬಲ್ಬಿನೊಳಗಿನ ಸರ್ಕ್ಯೂಟ್ ರೇಡಿಯೋ ಗದ್ದಲ ಎಬ್ಬಿಸುತ್ತಿತ್ತು, ಆಂಟೆನಾ ಇದ್ದದ್ದು ಗೇಣು ದೂರದಲ್ಲಿ. 2018ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಇಂಥ ಬಲ್ಬುಗಳ ಬಗ್ಗೆ ಎಚ್ಚರಿಕೆಯನ್ನೇ ಹೊರಡಿಸಿತ್ತು. "ದೀಪ ಹಾಕದಿದ್ದರೆ ಅವರಿಗೆ ನಾನು ಕಾಣುವುದಿಲ್ಲ, ಹಾಕಿದರೆ ನನಗೆ ಅವರು ಕಾಣುವುದಿಲ್ಲ" ಎಂದು ಕ್ಯಾಪ್ಟನ್ ತಲೆ ಕೆರೆದುಕೊಂಡರು. ಬಲ್ಬಿನಲ್ಲಿ ಉಳಿಸಿದ ದುಡ್ಡು ಎಷ್ಟೆಂದು ನಾನು ಕೇಳಲಿಲ್ಲ.

ನಮ್ಮೂರ ದಡದಲ್ಲಿ ಬಟಾವಿಯಾ ಎಂಬ ಡಚ್ ಹಡಗಿನ ಪ್ರತಿರೂಪ ನಿಂತಿದೆ. ಮೂಲ ಹಡಗು 1629ರ ಜೂನ್ 4ರ ನಸುಕಿನಲ್ಲಿ ಆಸ್ಟ್ರೇಲಿಯಾದ ಪಶ್ಚಿಮಕ್ಕೆ ಹವಳದ ದಿಬ್ಬಕ್ಕೆ ಬಡಿಯಿತು. ಕಾವಲಿನವನು ಮುಂದೆ ಬಿಳಿ ನೊರೆ ಕಂಡು ಹೇಳಿದ್ದ, ಅದು ನೀರಿನ ಮೇಲಿನ ಬೆಳದಿಂಗಳು ಎಂದು ಹಡಗಿನ ನಾಯಕ ತಳ್ಳಿಹಾಕಿದ. ಅಲ್ಲೂ ರಿಸೀವರ್ ಸರಿಯಾಗಿಯೇ ಇತ್ತು! ಇಲ್ಲಿಗೆ ಬರುವ ನೆಂಟರನ್ನು ಆ ಹಡಗು ತೋರಿಸಲು ಕರೆದೊಯ್ದಾಗಲೆಲ್ಲ ನನಗೆ ಮೋಡೆಮ್‌ಮ್ಯಾನೇಜರ್ ನೆನಪಾಗುತ್ತಾನೆ. ನೆಂಟರಿಗೆ ಹೇಳಿದರೆ ಅರ್ಥವಾಗದು.

ಅಂದಹಾಗೆ, ನನ್ನನ್ನು ಕರೆಯುವ ಮೊದಲೇ ಕ್ಯಾಪ್ಟನ್ ರಿಸೀವರ್ ಕೆಟ್ಟಿದೆಯೆಂದು ತೀರ್ಮಾನಿಸಿ ಹೊಸ ಜಿಪಿಎಸ್ ಒಂದನ್ನು ತರಿಸಿಬಿಟ್ಟಿದ್ದರು. ಅಂಗಡಿಯವರು ವಾಪಸ್ ತೆಗೆದುಕೊಳ್ಳುವ ಅವಧಿ ಮುಗಿದಿದೆ. ಪೊಟ್ಟಣ ಒಡೆದಿಲ್ಲ. ಯಾರಿಗಾದರೂ ಬೇಕಿದ್ದರೆ ತಿಳಿಸಿ, ಅರ್ಧ ಬೆಲೆಗೆ ಕೊಡುತ್ತಾರಂತೆ. ಆದರೆ ಕೊಳ್ಳುವ ಮೊದಲು ನಿಮ್ಮಲ್ಲಿರುವುದು ಏನು ಹೇಳುತ್ತಿದೆಯೆಂದು ಒಮ್ಮೆ ಕೇಳಿ ನೋಡಿ.